ಸಿಂಹದ ಬೇಟೆಯ ಸಿದ್ಧತೆ: ವಿಜಾಪುರದ ಬಯಲಿನಿಂದ ಒಂದು ವಿಚಾರ

ವಿಜಾಪುರದ ಕೋಟೆಯ ಪಡುವಣ ಗೋಡೆಯಲ್ಲಿರುವ ಶೇರ್ಜಾ ಬುರುಜನ್ನು ತೋರಿಸಲು ವಿದ್ಯಾರ್ಥಿಗಳನ್ನು ಕರೆದೊಯ್ದಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಶೇರ್ಜಾ ಎಂದರೆ ಸಿಂಹ; ಬುರುಜಿನ ಕಲ್ಲಿನಲ್ಲಿ ಕೊರೆದ ಸಿಂಹಗಳಿಂದ ಅದಕ್ಕೆ ಆ ಹೆಸರು ಬಂದಿದೆ. ಅದರ ಮೇಲಿರುವ ಮಲಿಕ್-ಎ-ಮೈದಾನ ತೋಪಿನ ಬಾಯಿಯೂ ಸಿಂಹಮುಖದ ಆಕಾರದ್ದು. ಅದರ ಹಲ್ಲುಗಳ ನಡುವೆ ಆನೆಯೊಂದು ಸಿಕ್ಕಿಕೊಂಡಿದೆ. ಕ್ರಿ. ಶ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ಈ ತೋಪನ್ನು ನೋಡುತ್ತ ನಿಂತ ಸಿಂದಗಿಯ ಕಡೆಯ ವಿದ್ಯಾರ್ಥಿಯೊಬ್ಬನು, ನಮ್ಮ ಅರಸರು ಸಿಂಹದ ಬೇಟೆಗೆ ಹೊರಡುವಾಗ ಏನೇನು ಸಿದ್ಧತೆ ಮಾಡಿಕೊಳ್ಳುತ್ತಿದ್ದರು, ಯಾವ ಕಾಡಿಗೆ ಹೋಗುತ್ತಿದ್ದರು ಎಂದು ಕೇಳಿದನು. ಪ್ರಶ್ನೆಯು ಸರಳವಾಗಿ ತೋರಿದರೂ ಅದರಲ್ಲಿ ಎರಡು ಪ್ರಶ್ನೆಗಳು ಅಡಕವಾಗಿವೆ. ನಮ್ಮ ನಾಡಿನಲ್ಲಿ ಸಿಂಹವಿತ್ತೇ ಎಂಬುದು ಮೊದಲನೆಯದು. ದೊಡ್ಡ ಬೇಟೆಯೊಂದರ ಸಿದ್ಧತೆಯನ್ನು ನಿಜವಾಗಿ ಮಾಡುತ್ತಿದ್ದವರು ಯಾರು ಎಂಬುದು ಎರಡನೆಯದು. ಈ ಎರಡನ್ನೂ ಬೇರೆಬೇರೆಯಾಗಿ ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಕಲ್ಲಿನ ಸಿಂಹ, ಕಾಡಿನ ಸಿಂಹ

ಮೊದಲನೆಯ ಪ್ರಶ್ನೆಗೆ ಉತ್ತರ ಚಿಕ್ಕದು. ಭಾರತದ ಸಿಂಹವು ಒಂದು ಕಾಲಕ್ಕೆ ಸೌರಾಷ್ಟ್ರದಿಂದ ಮೊದಲುಗೊಂಡು ಪಂಜಾಬ, ಗಂಗೆಯ ಬಯಲು, ಮಧ್ಯಭಾರತಗಳವರೆಗೆ ಹಬ್ಬಿತ್ತು. ಆದರೆ ನರ್ಮದೆಯೇ ಅದರ ದಕ್ಷಿಣದ ಎಲ್ಲೆಯೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿದ್ದಾರೆ. ಭೀಮೆಗೂ ಕೃಷ್ಣೆಗೂ ನಡುವಣ ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಸೀಮೆಯು ಆ ಎಲ್ಲೆಯಿಂದ ಬಹುದೂರ ತೆಂಕಣಕ್ಕಿದೆ. ಆದುದರಿಂದ ನಮ್ಮಲ್ಲಿ ಸಿಂಹವು ಕಲ್ಲಿನಲ್ಲಿಯೂ ಲೋಹದಲ್ಲಿಯೂ ಕಾವ್ಯದಲ್ಲಿಯೂ ಬಾಳಿದ ಪ್ರಾಣಿಯೇ ಹೊರತು ಕಾಡಿನಲ್ಲಿ ಬಾಳಿದ ಪ್ರಾಣಿಯಲ್ಲ.

ಶಿಲ್ಪದಲ್ಲಿ ಕಂಡದ್ದನ್ನೆಲ್ಲ ನೆಲದಲ್ಲಿ ಇತ್ತೆಂದು ಭಾವಿಸುವುದು ಇತಿಹಾಸದ ಅಭ್ಯಾಸಿಗಳು ಮೊದಮೊದಲು ಮಾಡುವ ತಪ್ಪು. ಹೊಯ್ಸಳರ ಲಾಂಛನವು ಇದಕ್ಕೆ ಒಳ್ಳೆಯ ಉದಾಹರಣೆ. ಮಲೆನಾಡಿನ ಸೊಸೆವೂರಿನಲ್ಲಿ, ಎಂದರೆ ಈಗಿನ ಮೂಡಿಗೆರೆ ತಾಲೂಕಿನ ಅಂಗಡಿಯಲ್ಲಿ, ಸಳನು ಮುನಿಯ ಆಜ್ಞೆಯಂತೆ ಹುಲಿಯನ್ನು ಹೊಡೆದನೆಂದು ಶಾಸನಗಳು ಹೇಳುತ್ತವೆ. ಆ ಕಾಡಿನಲ್ಲಿ ಹುಲಿಯಿದ್ದುದು ಸಹಜವೇ ಆಗಿದೆ. ಆದರೆ ಬೇಲೂರು, ಹಳೇಬೀಡುಗಳ ಶಿಲ್ಪಿಯು ಆ ಮೃಗಕ್ಕೆ ಕೇಸರವನ್ನು ಕೊಟ್ಟು ಸಿಂಹವನ್ನಾಗಿ ಮಾಡಿದನು. ರಾಜತ್ವದ ಸಂಕೇತಕ್ಕೆ ಸಿಂಹವೇ ಬೇಕಾಗಿತ್ತು. ಸಿಂಹಾಸನ, ಸಿಂಹದ್ವಾರ, ನರಸಿಂಹ, ವಿಕ್ರಮಸಿಂಹ ಎಂಬ ಮಾತುಗಳನ್ನು ಬಳಸುವ ನಾಡಿನಲ್ಲಿ ಆ ಪ್ರಾಣಿಯು ಇರಲೇಬೇಕೆಂಬ ನಿಯಮವಿಲ್ಲ. ಕಾಣದ ಪ್ರಾಣಿಯೇ ಕೆಲವೊಮ್ಮೆ ಹೆಚ್ಚು ಉಪಯುಕ್ತವಾದ ಸಂಕೇತವಾಗುತ್ತದೆ.

ಸಿಂಹದ ಬೇಟೆ ಹೇಗೆ ಸಜ್ಜಾಗುತ್ತಿತ್ತು?

ಸಿಂಹವು ನಿಜವಾಗಿ ಇದ್ದ ನಾಡಿನಲ್ಲಿ ಅದರ ಬೇಟೆಯನ್ನು ಹೇಗೆ ಏರ್ಪಡಿಸುತ್ತಿದ್ದರೆಂಬುದನ್ನು ತಿಳಿಯಲು ನಮಗೆ ಒಂದು ಸ್ಪಷ್ಟವಾದ ವರ್ಣನೆ ದೊರೆತಿದೆ. ಫ್ರಾನ್ಸ್ ದೇಶದ ವೈದ್ಯನಾದ ಫ್ರಾಂಸ್ವಾ ಬರ್ನಿಯೆ 1664–65ರಲ್ಲಿ ಔರಂಗಜೇಬನ ಪಾಳೆಯದೊಡನೆ ದಿಲ್ಲಿಯಿಂದ ಲಾಹೋರಿನ ಮಾರ್ಗವಾಗಿ ಕಾಶ್ಮೀರಕ್ಕೆ ಹೋದನು. ಆ ಪ್ರಯಾಣವನ್ನು ಕುರಿತ ಪತ್ರಗಳಲ್ಲಿ ಅವನು ಬಾದಶಹನ ಬೇಟೆಗಳನ್ನು ವಿವರಿಸಿದ್ದಾನೆ. ಇದೇ ಔರಂಗಜೇಬನು 1686ರಲ್ಲಿ ವಿಜಾಪುರವನ್ನು ಗೆದ್ದು ಆದಿಲಶಾಹಿಯನ್ನು ಕೊನೆಗಾಣಿಸಿದನೆಂಬುದನ್ನು ವಾಚಕರು ಬಲ್ಲರು.

ಬರ್ನಿಯೆ ಹೇಳುವಂತೆ ಸಿಂಹದ ಬೇಟೆಯು ಅರಸನಿಗೂ ಅರಸುಮಕ್ಕಳಿಗೂ ಮೀಸಲು; ಇತರರು ವಿಶೇಷ ಅಪ್ಪಣೆಯಿಲ್ಲದೆ ಅದಕ್ಕೆ ಕೈಹಾಕುವಂತಿಲ್ಲ. ಸಿದ್ಧತೆಯು ಹಲವು ದಿನಗಳ ಕೆಲಸ. ಮೊದಲು ಬೇಟೆಯ ಕಾವಲುಗಾರರು ಸಿಂಹವು ಮಲಗುವ ತಾಣವನ್ನು ಪತ್ತೆ ಹಚ್ಚುತ್ತಾರೆ. ಆ ತಾಣದ ಬಳಿ ಒಂದು ಕತ್ತೆಯನ್ನು ಕಟ್ಟುತ್ತಾರೆ. ಸಿಂಹವು ಅದನ್ನು ತಿಂದು, ನೀರು ಕುಡಿದು, ಮರಳಿ ತನ್ನ ತಾಣದಲ್ಲಿಯೇ ಮಲಗುತ್ತದೆ. ಮರುದಿನ ಅದೇ ಸ್ಥಳದಲ್ಲಿ ಇನ್ನೊಂದು ಕತ್ತೆ. ಹೀಗೆ ಕೆಲವು ದಿನ ನಡೆದರೆ ಸಿಂಹವು ಬೇರೆ ಆಹಾರವನ್ನು ಹುಡುಕುವ ಗೋಜಿಗೆ ಹೋಗದೆ ಅಲ್ಲಿಯೇ ನೆಲೆಸುತ್ತದೆ. ಅರಸನು ಸಮೀಪಿಸಿದನೆಂದು ತಿಳಿದಾಗ ಕಟ್ಟುವ ಕೊನೆಯ ಕತ್ತೆಯ ಗಂಟಲಿಗೆ ಅಫೀಮನ್ನು ತುರುಕಿರುತ್ತಾರೆ. ಆ ಊಟದಿಂದ ಸಿಂಹಕ್ಕೆ ಮಂಪರು ಕವಿಯಬೇಕೆಂಬುದು ಉದ್ದೇಶ. ಅನಂತರ ನೆರೆಯ ಹಳ್ಳಿಗಳ ರೈತರನ್ನು ಕರೆತಂದು ದೊಡ್ಡ ಬಲೆಗಳನ್ನು ಸುತ್ತಲೂ ಹರಡಿಸಿ, ಮೆಲ್ಲಮೆಲ್ಲನೆ ಒಳಕ್ಕೆ ಎಳೆಸುತ್ತಾರೆ.

ಇಷ್ಟೆಲ್ಲ ಆದ ಮೇಲೆ ಅರಸನ ಆಗಮನ. ಅವನು ಏರಿದ ಆನೆಯ ಮೈಮೇಲೆ ಅಲ್ಲಲ್ಲಿ ಕಬ್ಬಿಣದ ತೆಳು ತಗಡುಗಳು. ಸುತ್ತಲೂ ಆನೆಗಳ ಮೇಲೆ ಅಮೀರರು, ಕುದುರೆಗಳ ಮೇಲೆ ಗದೆ ಹಿಡಿದವರು, ಕಾಲ್ನಡೆಯಲ್ಲಿ ಈಟಿ ಹಿಡಿದ ಕಾವಲುಗಾರರು. ಅರಸನು ಬಲೆಯ ಹೊರಗೆ ನಿಂತು ದೊಡ್ಡ ಬಂದೂಕಿನಿಂದ ಗುಂಡು ಹಾರಿಸುತ್ತಾನೆ. ಗಾಯಗೊಂಡ ಸಿಂಹವು ಆನೆಯ ಮೇಲೆ ಹಾರುತ್ತದೆ. ಬಲೆಯು ಅದನ್ನು ತಡೆಯುತ್ತದೆ. ಅದು ಸಾಯುವವರೆಗೆ ಗುಂಡು ಬೀಳುತ್ತಲೇ ಇರುತ್ತದೆ. ಒಮ್ಮೆ ಮಾತ್ರ ಕೆರಳಿದ ಸಿಂಹವು ಬಲೆಯನ್ನು ಹಾರಿ, ಸವಾರನೊಬ್ಬನ ಕುದುರೆಯನ್ನು ಕೊಂದು ತಪ್ಪಿಸಿಕೊಂಡಿತು. ಅದನ್ನು ಮತ್ತೆ ಬಲೆಗೆ ಒಳಪಡಿಸುವವರೆಗೆ ಇಡೀ ಸೈನ್ಯವು ದಿನಗಟ್ಟಲೆ ಕಷ್ಟಪಡಬೇಕಾಯಿತು.

ಇಷ್ಟು ಕಷ್ಟಕ್ಕೆ ಕಾರಣವಾದುದು ಶಕುನದ ನಂಬಿಕೆ. ಅರಸನು ಸಿಂಹವನ್ನು ಕೊಂದರೆ ರಾಜ್ಯಕ್ಕೆ ಶುಭ, ಅದು ತಪ್ಪಿಸಿಕೊಂಡರೆ ಮಹಾ ಅಶುಭ. ಆದುದರಿಂದ ಬೇಟೆಯ ಕೊನೆಯಲ್ಲಿ ದರ್ಬಾರು ಸೇರುತ್ತಿತ್ತು. ಸತ್ತ ಸಿಂಹವನ್ನು ತಂದು ಅಳೆದು, ಇಂಥ ಅರಸನು ಇಂಥ ದಿನ ಇಷ್ಟು ಉದ್ದದ, ಇಂಥ ಚರ್ಮದ, ಇಂಥ ಹಲ್ಲು ಉಗುರುಗಳ ಸಿಂಹವನ್ನು ಕೊಂದನೆಂದು ದಫ್ತರದಲ್ಲಿ ಬರೆದಿಡುತ್ತಿದ್ದರು. ಬರ್ನಿಯೆ ಹೇಳುವ ಈ ದಾಖಲೆಯ ಅಂಶಗಳನ್ನು ನಾವು ಲಕ್ಷ್ಯವಿಟ್ಟು ಓದಬೇಕು. ಸಿಂಹದ ಉಗುರಿಗೆ ಅಲ್ಲಿ ಸ್ಥಳವಿದೆ. ತಾಣವನ್ನು ಪತ್ತೆ ಹಚ್ಚಿದವನಿಗೆ, ಬಲೆ ಎಳೆದ ರೈತನಿಗೆ ಸ್ಥಳವಿಲ್ಲ. ಬೇಟೆಯ ತೊಂಬತ್ತು ಪಾಲು ಸಿದ್ಧತೆ, ಹತ್ತು ಪಾಲು ಗುಂಡು. ಆದರೆ ದಾಖಲೆಗೆ ಏರಿದ್ದು ಆ ಹತ್ತು ಪಾಲು ಮಾತ್ರ.

ಕಲ್ಯಾಣದ ಅರಸನ ಗ್ರಂಥ

ಇನ್ನು ನಮ್ಮ ನಾಡಿಗೆ ಬರೋಣ. ಮೇಲೆ ಹೇಳಿದ ನಾಲ್ಕು ತಾಲೂಕುಗಳ ಬಹುಭಾಗವು ಪ್ರಾಚೀನ ಕಾಲದಲ್ಲಿ ತರ್ದವಾಡಿ ಸಾಸಿರ ಎಂಬ ನಾಡಿಗೆ ಸೇರಿತ್ತು. ಭೀಮಾತೀರದಲ್ಲಿ, ಹಿಂದಿನ ಇಂಡಿ ತಾಲೂಕಿನ ತದ್ದೇವಾಡಿಯು ಆ ಹೆಸರನ್ನು ಇಂದಿಗೂ ಉಳಿಸಿಕೊಂಡಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಅಧೀನದಲ್ಲಿ ಇಮ್ಮಡಿ ತೈಲಪನು ಈ ನಾಡನ್ನು ಆಳುತ್ತಿದ್ದನೆಂಬುದು ಬಾಗೇವಾಡಿ ತಾಲೂಕಿನ ನರಸಲಗಿಯ ಕ್ರಿ. ಶ. 965ರ ಶಾಸನದಿಂದ ತಿಳಿದುಬರುತ್ತದೆ. ಅವನೇ 973ರಲ್ಲಿ ಚಾಳುಕ್ಯ ರಾಜ್ಯವನ್ನು ಮರಳಿ ಸ್ಥಾಪಿಸಿದನು. ಅವನ ವಂಶದಲ್ಲಿ ಹುಟ್ಟಿ ಕಲ್ಯಾಣದಲ್ಲಿ ಆಳಿದ ಮೂರನೆಯ ಸೋಮೇಶ್ವರನು ಕ್ರಿ. ಶ. 1129ರ ಸುಮಾರಿಗೆ ‘ಮಾನಸೋಲ್ಲಾಸ’ ಅಥವಾ ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಐದು ವಿಂಶತಿಗಳಲ್ಲಿ ನೂರು ಅಧ್ಯಾಯಗಳುಳ್ಳ ಈ ಗ್ರಂಥದಲ್ಲಿ ವಿನೋದಗಳಿಗೆ ಇಪ್ಪತ್ತು ಅಧ್ಯಾಯಗಳು ಮೀಸಲಾಗಿವೆ. ಅವುಗಳಲ್ಲಿ ಸಾರಮೇಯವಿನೋದ, ಶ್ಯೇನವಿನೋದ, ಮತ್ಸ್ಯವಿನೋದ, ಮೃಗಯಾವಿನೋದ ಎಂಬ ನಾಲ್ಕು ಒಂದರ ಹಿಂದೆ ಒಂದು ಬರುತ್ತವೆ. ಅರಸನೊಬ್ಬನು ಬೇಟೆಗೆ ಹೊರಡುವ ಮುನ್ನ ಏನನ್ನು ತಿಳಿದಿರಬೇಕೆಂಬುದಕ್ಕೆ ಕನ್ನಡನಾಡಿನಲ್ಲಿ ಇದಕ್ಕಿಂತ ವಿಸ್ತಾರವಾದ ಪ್ರಾಚೀನ ಆಧಾರವು ಸಿಕ್ಕುವುದು ಕಷ್ಟ.

ಸೋಮೇಶ್ವರನು ವೀರಾವೇಶದ ವರ್ಣನೆಗಿಂತ ಏರ್ಪಾಡಿಗೆ ಹೆಚ್ಚು ಗಮನ ಕೊಟ್ಟಿದ್ದಾನೆ. ಬೇಟೆಯ ವನವು ಅರಸನಿಗೆ ಅಪಾಯವಿಲ್ಲದಂತೆ ಕಾವಲಿಗೆ ಒಳಪಟ್ಟಿರಬೇಕು. ಮೃಗಗಳು ನೀರಿಗೆ ಬರುವ ತಾಣ, ಮೇಯುವ ತಾಣಗಳನ್ನು ಅರಿತಿರಬೇಕು. ಪಳಗಿಸಿದ ಮೃಗವನ್ನು ಮುಂದೆ ಬಿಟ್ಟು ಕಾಡಿನ ಮೃಗವನ್ನು ಸೆಳೆಯುವ ಉಪಾಯವನ್ನು ಬಲ್ಲವರು ಜೊತೆಗಿರಬೇಕು. ಹಳಗನ್ನಡದಲ್ಲಿ ಹೀಗೆ ಸೆಳೆಯುವ ಪ್ರಾಣಿಗೆ ದೀವ ಅಥವಾ ದೀಹ ಎಂದು ಹೆಸರು. ನಾಯಿಗಳನ್ನು ದೇಶ, ಮೈಕಟ್ಟು, ಗುಣಗಳಿಂದ ಆರಿಸಬೇಕು. ಚಿತ್ರಕವೆಂಬ ಮೃಗದಿಂದ ಹುಲ್ಲೆಗಳನ್ನು ಹಿಡಿಸುವ ಬೇಟೆಯನ್ನೂ ಅವನು ಹೇಳುತ್ತಾನೆ. ಚೀತಾದ ಬೇಟೆಯ ಬಗೆಗೆ ಭಾರತದಲ್ಲಿ ದೊರೆತ ಅತ್ಯಂತ ಹಳೆಯ ಸ್ಪಷ್ಟ ಆಧಾರಗಳಲ್ಲಿ ಇದನ್ನು ಗಣಿಸುತ್ತಾರೆ.

ಇದರೊಡನೆ ಕೌಟಿಲ್ಯನ ‘ಅರ್ಥಶಾಸ್ತ್ರ’ವನ್ನೂ ಓದಿದರೆ ವಿಷಯವು ಇನ್ನಷ್ಟು ತಿಳಿಯಾಗುತ್ತದೆ. ಅರಸನ ವಿಹಾರಕ್ಕಾಗಿ ಒಂದೇ ಬಾಗಿಲುಳ್ಳ, ಸುತ್ತಲೂ ಕಂದಕವುಳ್ಳ ಮೃಗವನವನ್ನು ಮಾಡಬೇಕೆಂದೂ, ಅದರೊಳಗಿನ ಕ್ರೂರಮೃಗಗಳ ಉಗುರು ಹಲ್ಲುಗಳನ್ನು ಮುರಿದಿರಬೇಕೆಂದೂ ಅಲ್ಲಿ ವಿಧಿಸಲಾಗಿದೆ. ಬೇಟೆಯು ವ್ಯಸನವೇ ಎಂಬ ಚರ್ಚೆಯಲ್ಲಿ ಕೌಟಿಲ್ಯನು ಬೇಟೆಗಿಂತ ಜೂಜು ಕೆಟ್ಟದೆಂದು ತೀರ್ಮಾನಿಸಿ, ಬೇಟೆಯಿಂದ ದೇಹಕ್ಕೆ ವ್ಯಾಯಾಮ, ಚಲಿಸುವ ಗುರಿಯನ್ನು ಹೊಡೆಯುವ ಅಭ್ಯಾಸ, ಪ್ರಾಣಿಗಳ ಮನಸ್ಸಿನ ಜ್ಞಾನ ದೊರೆಯುತ್ತವೆಂದು ಹೇಳುತ್ತಾನೆ. ಈ ಎರಡೂ ಗ್ರಂಥಗಳು ಮೈಸೂರಿನ ವಿದ್ವಾಂಸರಾದ ಆರ್. ಶಾಮಶಾಸ್ತ್ರಿಗಳ ಸಂಪಾದನೆಯನ್ನು ಕಂಡವೆಂಬುದು ನಮಗೆ ಹೆಮ್ಮೆಯ ಸಂಗತಿ: ‘ಅರ್ಥಶಾಸ್ತ್ರ’ವು 1909ರಲ್ಲಿ, ‘ಅಭಿಲಷಿತಾರ್ಥ ಚಿಂತಾಮಣಿ’ಯ ಮೊದಲ ಭಾಗವು 1926ರಲ್ಲಿ ಪ್ರಕಟವಾದವು.

ಬಯಲಿನ ಬೇಟೆ: ಚಿಗರಿ ಮತ್ತು ಸಿವಂಗಿ

ಇಂಡಿಯಿಂದ ಮುದ್ದೇಬಿಹಾಳದವರೆಗೆ ಹರಡಿರುವ ಭೂಮಿಯನ್ನು ಕಂಡವರಿಗೆ ಇಲ್ಲಿ ಯಾವ ಬೇಟೆ ಸಾಧ್ಯವಿತ್ತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಕಡಿಮೆ, ಮರ ವಿರಳ. ಡೋಣಿಯ ಕಣಿವೆಯ ಎರೆಭೂಮಿಯಲ್ಲಿ ಕಣ್ಣು ಹರಿದಷ್ಟು ದೂರ ಜೋಳ. ನಡುನಡುವೆ ಹುಲ್ಲಿನ ಮಡ್ಡಿಗಳು. ಇದು ಹುಲಿಯ ಕಾಡಲ್ಲ, ಸಿಂಹದ ಗುಹೆಯೂ ಅಲ್ಲ. ಇದು ಕೃಷ್ಣಮೃಗದ ಬಯಲು. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಚಿಗರಿಯ ನೆಲೆ.

ಬಯಲಿನಲ್ಲಿ ಚಿಗರಿಯನ್ನು ಸಮೀಪಿಸುವುದು ಸುಲಭವಲ್ಲ. ಅದರ ಕಣ್ಣು ಚುರುಕು, ಓಟವು ಕುದುರೆಯನ್ನೂ ಸೋಲಿಸುವಂಥದು. ಅರಸರ ಬೇಟೆಯಲ್ಲಿ ಇದಕ್ಕೆ ಕಂಡುಕೊಂಡ ಉಪಾಯವೇ ಚೀತಾ. ಹಳೆಯ ಕನ್ನಡದಲ್ಲಿ ಇದನ್ನು ಸಿವಂಗಿಯೆಂದು ಕರೆದರೂ, ಕೆಲವೆಡೆ ಅದೇ ಹೆಸರನ್ನು ಬೇರೆ ಪ್ರಾಣಿಗೂ ಹೇಳುವುದುಂಟಾದುದರಿಂದ ಅಭ್ಯಾಸಿಗಳು ಎಚ್ಚರದಿಂದಿರಬೇಕು. ಮೊಗಲರ ಕಾಲದಿಂದ ಇಪ್ಪತ್ತನೆಯ ಶತಮಾನದವರೆಗೆ ಈ ಬೇಟೆಯ ಕ್ರಮವು ಹೆಚ್ಚು ಬದಲಾಗಲಿಲ್ಲ. ಚೀತಾದ ಕಣ್ಣಿಗೆ ಟೊಪ್ಪಿಗೆಯಂಥ ಮುಸುಕು ಹಾಕಿ ಎತ್ತಿನ ಗಾಡಿಯ ಮೇಲೆ ಕೂರಿಸುತ್ತಿದ್ದರು. ಹೊಲಗಳಲ್ಲಿ ದಿನವೂ ಗಾಡಿಗಳನ್ನು ಕಾಣುವ ಚಿಗರಿಗಳು ಅದಕ್ಕೆ ಬೆದರುತ್ತಿರಲಿಲ್ಲ. ಗಾಡಿಯು ಹಿಂಡಿನ ಹತ್ತಿರಕ್ಕೆ ಬಂದಾಗ ಮುಸುಕನ್ನು ತೆಗೆದು ಚೀತಾವನ್ನು ಬಿಡುತ್ತಿದ್ದರು. ಅದರ ಓಟ ಕೆಲವು ನೂರು ಗಜಗಳಲ್ಲಿ ಮುಗಿಯುತ್ತಿತ್ತು. ಹಿಡಿದರೆ ಹಿಡಿಯಿತು, ಇಲ್ಲವಾದರೆ ಅದು ಅಲ್ಲಿಯೇ ನಿಂತುಬಿಡುತ್ತಿತ್ತು. ಈ ಪ್ರಾಣಿಯು ಸೆರೆಯಲ್ಲಿ ಮರಿ ಹಾಕುವುದು ಅತಿ ವಿರಳವಾದ್ದರಿಂದ ಪ್ರತಿಯೊಂದನ್ನೂ ಕಾಡಿನಿಂದಲೇ ಹಿಡಿದು ತರಬೇಕಾಗಿತ್ತು. ಶತಮಾನಗಳ ಕಾಲ ಹೀಗೆ ಹಿಡಿದುದರ ಪರಿಣಾಮವಾಗಿ, ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ನೆರೆಯ ಕೊಲ್ಹಾಪುರದ ಅರಸರು ಆಫ್ರಿಕದಿಂದ ಚೀತಾಗಳನ್ನು ತರಿಸಬೇಕಾಯಿತು.

ಆದಿಲಶಾಹಿಗಳ ಬೇಟೆಯ ಚಿತ್ರವೂ ಇದಕ್ಕೆ ಹೊಂದುತ್ತದೆ. ಇಮ್ಮಡಿ ಇಬ್ರಾಹಿಮನು (1580–1627) ಕೈಯ ಮೇಲೆ ಡೇಗೆಯನ್ನು ಕೂರಿಸಿಕೊಂಡು ಕುದುರೆಯೇರಿ ಸಾಗುತ್ತಿರುವ ಪ್ರಸಿದ್ಧ ಚಿತ್ರವೊಂದಿದೆ. ಕೋಟೆಯ ತೋಪಿನ ಮೇಲೆ ಸಿಂಹ, ಅರಸನ ಕೈಯ ಮೇಲೆ ಡೇಗೆ: ಸಂಕೇತಕ್ಕೂ ಆಚರಣೆಗೂ ಇರುವ ಅಂತರವು ಇಲ್ಲಿ ಸ್ಪಷ್ಟವಾಗಿದೆ.

ಹೆಸರು ಉಳಿದವರು, ಅಳಿದವರು

ಬೇಟೆಯಲ್ಲಿ ದುಡಿದವರನ್ನು ಸ್ಮರಿಸಿದ ಶಾಸನಗಳು ನಮ್ಮಲ್ಲಿ ಇಲ್ಲವೇ ಇಲ್ಲವೆಂದು ಹೇಳಲಾಗದು. ಮಂಡ್ಯ ಜಿಲ್ಲೆಯ ಆತಕೂರಿನ ಕ್ರಿ. ಶ. 949–50ರ ಶಾಸನವು ಇದಕ್ಕೆ ಅಪೂರ್ವ ನಿದರ್ಶನ. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರನಿಗೆ ಗಂಗ ಬೂತುಗನು ಮೆಚ್ಚುಗೆಯನ್ನು ಕೊಡಲು ಬಂದಾಗ ಅವನು ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದನು. ಆ ನಾಯಿಯು ಮುಂದೆ ದೊಡ್ಡ ಹಂದಿಯೊಂದರೊಡನೆ ಹೋರಾಡಿತು, ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿಯನ್ನು ಬಿಟ್ಟು, ಪೂಜೆಯ ವ್ಯವಸ್ಥೆ ಮಾಡಿದರು. ಸಾವಿರ ವರ್ಷಗಳಾದರೂ ಆ ನಾಯಿಯ ಹೆಸರು ನಮಗೆ ತಿಳಿದಿದೆ.

ಆದರೆ ನಮ್ಮ ಬಯಲಿನಲ್ಲಿ ಚಿಗರಿಯ ಜಾಡನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲ ಜನರ ಗತಿಯೇನಾಯಿತು? ವಿಜಾಪುರ, ಧಾರವಾಡ ಸೀಮೆಗಳಲ್ಲಿ ಹರಣಶಿಕಾರಿ, ಚಿಗರಿಬೇಟೆಗಾರ, ಫಾಸೆ ಪಾರಧಿ ಎಂಬ ಹೆಸರುಗಳುಳ್ಳ ಸಮುದಾಯಗಳಿವೆ. ಫಾಸೆ ಎಂದರೆ ಉರುಲು; ಸಾಲಾಗಿ ಗೂಟ ನೆಟ್ಟು ಉರುಲುಗಳನ್ನು ಹರಡಿ ಹಿಂಡನ್ನು ಅತ್ತ ಸೋವುವುದು ಇವರ ಕುಲವಿದ್ಯೆಯಾಗಿತ್ತು. ಅರಸನ ಬಲೆಗೂ ಇವರ ಉರುಲಿಗೂ ತತ್ತ್ವದಲ್ಲಿ ಭೇದವಿಲ್ಲ. ಒಂದನ್ನು ಆನೆಯ ಮೇಲಿಂದ ನೋಡುತ್ತಿದ್ದರು, ಇನ್ನೊಂದನ್ನು ಹಸಿವೆಯಿಂದ ಹಾಸುತ್ತಿದ್ದರು. ಬ್ರಿಟಿಷ್ ಸರಕಾರವು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆಯನ್ನು ಮಾಡಿ, 1911ರ ತಿದ್ದುಪಡಿಯಿಂದ ಅದನ್ನು ಮುಂಬಯಿ ಪ್ರಾಂತಕ್ಕೂ ವಿಸ್ತರಿಸಿತು. ಅಲೆದಾಡಿ ಬದುಕುವ ಹಲವು ಸಮುದಾಯಗಳು ಹುಟ್ಟಿನಿಂದಲೇ ಅಪರಾಧಿಗಳೆಂಬ ಪಟ್ಟಿಗೆ ಸೇರಿದವು. ವಿಜಾಪುರ, ಹುಬ್ಬಳ್ಳಿ, ಗದಗ, ಸೋಲಾಪುರಗಳಲ್ಲಿ ಅಂಥವರನ್ನು ಕೂಡಿಡುವ ವಸಾಹತುಗಳು ಏರ್ಪಟ್ಟವು. ಹರಣಶಿಕಾರಿಗಳೂ ಈ ಕಾಯಿದೆಯ ಬಿಸಿಯನ್ನು ಉಂಡರು. ಒಬ್ಬನಿಗೆ ವಿನೋದವೆಂದು ಗ್ರಂಥಕ್ಕೆ ಏರಿದ ವಿದ್ಯೆಯು ಇನ್ನೊಬ್ಬನಿಗೆ ಕಳಂಕವಾಯಿತು. ಈ ಕಾಯಿದೆಯು ರದ್ದಾದುದು 1952ರಲ್ಲಿ. ಭಾರತದಲ್ಲಿ ಚೀತಾವು ನಿರ್ನಾಮವಾಯಿತೆಂದು ಸರಕಾರವು ಘೋಷಿಸಿದ್ದೂ ಅದೇ ವರ್ಷ.

ಈ ರೀತಿಯು ನಮ್ಮ ದೇಶಕ್ಕೆ ಮಾತ್ರ ಸೀಮಿತವಲ್ಲ. ಆಫ್ರಿಕದ ದೊಡ್ಡ ಬೇಟೆಗೆ ಸಲ್ಲುವ ಸಫಾರಿ ಎಂಬ ಮಾತು ಸ್ವಾಹಿಲಿ ಭಾಷೆಯದು; ಪ್ರಯಾಣವೆಂಬ ಅರ್ಥದ ಅರಬ್ಬಿ ಮೂಲದಿಂದ ಬಂದುದು. ನಮ್ಮ ದಖನಿ ಮಾತಿನ ಸಫರ್ ಕೂಡ ಅದರ ಬಂಧುವೇ. ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ 1909ರಲ್ಲಿ ಪೂರ್ವ ಆಫ್ರಿಕಕ್ಕೆ ಹೋದಾಗ ಇನ್ನೂರಕ್ಕೂ ಮಿಕ್ಕಿದ ಹೊರೆಯಾಳುಗಳು ಡೇರೆ, ಆಹಾರ, ಉಪ್ಪು, ಚರ್ಮಗಳನ್ನು ಹೊತ್ತು ನಡೆದರು. ಅವನು ತಾನು ಹೊಡೆದ ಸಿಂಹಗಳು ಒಂಬತ್ತೆಂದು ಲೆಕ್ಕವಿಟ್ಟದ್ದು ಪ್ರಸಿದ್ಧವಾಗಿದೆ. ಹೊರೆ ಹೊತ್ತವರ ಹೆಸರುಗಳನ್ನು ಇಂದು ಬಲ್ಲವರು ಎಷ್ಟು ಮಂದಿ?

ಕೈಬಿಟ್ಟ ಬೇಟೆ

ಸಿಂಹದ ಬೇಟೆಯ ಇತಿಹಾಸದಲ್ಲಿ ಅತ್ಯಂತ ಫಲಕಾರಿಯಾದದ್ದು ನಡೆಯದೆ ಹೋದ ಒಂದು ಬೇಟೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಭಾರತದ ಸಿಂಹವು ಗಿರ್ ಅರಣ್ಯವೊಂದರಲ್ಲಿ ಮಾತ್ರ ಉಳಿದಿತ್ತು. 1900ರಲ್ಲಿ ವೈಸರಾಯ್ ಕರ್ಜನ್ ಜುನಾಗಢಕ್ಕೆ ಬಂದಾಗ ಅವನಿಗಾಗಿ ಸಿಂಹದ ಬೇಟೆಯನ್ನು ಯೋಜಿಸಲಾಗಿತ್ತು. ಸಿಂಹಗಳು ತೀರ ಕಡಿಮೆಯಾಗಿವೆಯೆಂದು ತಿಳಿದು ಅವನು ಬೇಟೆಯನ್ನು ಕೈಬಿಟ್ಟನು. ಅವುಗಳನ್ನು ಕಾಪಾಡಬೇಕೆಂದು ನವಾಬನಿಗೆ ಸಲಹೆ ಕೊಟ್ಟನು. ನವಾಬರ ರಕ್ಷಣೆಯಿಂದಲೂ, ಸ್ವಾತಂತ್ರ್ಯಾನಂತರದ ಸರಕಾರಗಳ ರಕ್ಷಣೆಯಿಂದಲೂ ಆ ಸಂತತಿಯು ಉಳಿಯಿತು. 2020ರಲ್ಲಿ 674 ಎಂದು ಅಂದಾಜು ಮಾಡಿದ್ದ ಗುಜರಾತಿನ ಸಿಂಹಗಳು 2025ರ ಗಣತಿಯಲ್ಲಿ 891 ಆಗಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಸಿಂಹ, ಚಿಗರಿಗಳೆರಡಕ್ಕೂ ಗರಿಷ್ಠ ರಕ್ಷಣೆಯನ್ನು ಕೊಟ್ಟಿದೆ. ನಮ್ಮ ರಾಜ್ಯದಲ್ಲಿ 1974ರಲ್ಲಿ ರಾಣೇಬೆನ್ನೂರಿನ ಕೃಷ್ಣಮೃಗ ಧಾಮವು ಸ್ಥಾಪಿತವಾಯಿತು. ಬೇಟೆಯು ಹೀಗೆ ಆಚರಣೆಯಿಂದ ಹೊರಟು ಇತಿಹಾಸದ ವಿಷಯವಾಗಿದೆ.

ಇತಿಹಾಸದ ವಿಷಯವಾದ ಮೇಲೆ ಅದನ್ನು ಓದುವ ಹೊಣೆಯು ನಮ್ಮದು. ಬೇಟೆಗಾರನು ತನ್ನ ಪ್ರಯಾಣಕ್ಕೆ ಮೊದಲು ಕೇಳುತ್ತಿದ್ದ ಪ್ರಶ್ನೆಗಳನ್ನೇ ವಿದ್ಯಾರ್ಥಿಯೂ ಆಧಾರಗಳಿಗೆ ಕೇಳಬಹುದು: ಪ್ರಾಣಿಯು ಅಲ್ಲಿ ಇತ್ತೇ? ಅದರ ತಾಣವನ್ನು ಬಲ್ಲವರು ಯಾರು? ಬಲೆ ಎಳೆದವರು ಯಾರು, ಅವರಿಗೆ ಸಿಕ್ಕ ಕೂಲಿಯೇನು? ಕೊನೆಗೆ ಬರೆದಿಟ್ಟವರು ಯಾರು, ಯಾರ ಹೆಸರನ್ನು? ಈ ನಾಲ್ಕು ತಾಲೂಕುಗಳಿಂದ ನಮ್ಮ ಕಾಲೇಜುಗಳಿಗೆ ಬರುವ ವಿದ್ಯಾರ್ಥಿಗಳು ರಜೆಯಲ್ಲಿ ತಮ್ಮ ಊರಿಗೆ ಹೋದಾಗ ಗುಡಿಯ ಹಿಂದೆಯೂ ಅಗಸಿಯ ಬಳಿಯೂ ಬಿದ್ದಿರುವ ವೀರಗಲ್ಲುಗಳಲ್ಲಿ ನಾಯಿ, ಹಂದಿ, ಹುಲ್ಲೆಗಳ ಚಿತ್ರಗಳಿವೆಯೇ ಎಂದು ನೋಡಿ ಬರೆದುಕೊಳ್ಳಲಿ. ಹೊಲಗಳ, ಹಳ್ಳಗಳ, ಮಡ್ಡಿಗಳ ಹೆಸರುಗಳಲ್ಲಿ ಪ್ರಾಣಿಗಳ ನೆನಪು ಉಳಿದಿದೆಯೇ ಎಂದು ಹಿರಿಯರನ್ನು ಕೇಳಲಿ. ಹರಣಶಿಕಾರಿ ಮನೆತನಗಳ ವೃದ್ಧರು ಹೇಳುವ ಜಾಡಿನ ವಿದ್ಯೆಯನ್ನು ಗೌರವದಿಂದ ಆಲಿಸಿ ಸಂಗ್ರಹಿಸಲಿ. ಅದನ್ನು ಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ಶೇರ್ಜಾ ಬುರುಜಿನ ಬಳಿ ಕೇಳಿದ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ನಮ್ಮ ಅರಸರು ಈ ಬಯಲಿನಲ್ಲಿ ಸಿಂಹದ ಬೇಟೆಗೆ ಹೊರಟುದಿಲ್ಲ. ಅವರು ಸಿಂಹವನ್ನು ಕಲ್ಲಿನಲ್ಲಿ ಕಡೆಯಿಸಿ, ಬಯಲಿನಲ್ಲಿ ಚಿಗರಿಯನ್ನು ಅಟ್ಟಿದರು. ಆ ಬೇಟೆಯ ಸಿದ್ಧತೆಯನ್ನು ಮಾಡಿದವರು ಈ ಬಯಲಿನ ಜನ. ಅವರ ಹೆಸರುಗಳನ್ನು ಹುಡುಕುವ ಕೆಲಸವು ಇನ್ನೂ ಉಳಿದಿದೆ.